ಚಿಟ್ಟೆಯ ಬೆನ್ನು ಹತ್ತಬೇಡಿ, ಹೊತ್ತು ನೋಡಿ ಕೂರಿ

ಚಿಟ್ಟೆ ನೋಡಲೆಂದೇ ರಜೆ ಹಾಕಿ ಕಾಡಿಗೆ ಹೋಗುವವರಿಗೆ ನನ್ನ ಮಾತು ಬೇಕಿಲ್ಲ. ನಾನು ಹೇಳಹೊರಟಿರುವುದು ಮನೆಮಂದಿಯ ಜೊತೆ ಎರಡು ದಿನ ಸಕಲೇಶಪುರಕ್ಕೋ, ಮಡಿಕೇರಿಗೋ, ಶಿರಸಿ ಕಡೆಗೋ ಹೊರಟವರಿಗೆ. ಅಂಥ ಪ್ರವಾಸದಲ್ಲಿ ನಿಮ್ಮದೇ ಅನ್ನುವ ಹೊತ್ತು ಎಷ್ಟಿರುತ್ತದೆ, ಲೆಕ್ಕ ಹಾಕಿ. ಉಳಿದವರು ಏಳುವ ಮೊದಲಿನ ಒಂದು ಗಂಟೆ. ಹೋಂಸ್ಟೇಯಲ್ಲಿ ತಿಂಡಿ ಆಗುವವರೆಗಿನ ಅರ್ಧ ಗಂಟೆ. ಮಕ್ಕಳು ಹೊಳೆಗೆ ಇಳಿದಾಗ ಸಿಗುವ ಮುಕ್ಕಾಲು ಗಂಟೆ. ಊಟವಾಗಿ ಎಲ್ಲರೂ ಅಡ್ಡಾದ ಮೇಲಿನ ಮಧ್ಯಾಹ್ನ, ಆಮೇಲೆ ಸಂಜೆಯ ಜಗಲಿ. ಕೂಡಿಸಿದರೆ ನಾಲ್ಕು ಗಂಟೆ ದಾಟುವುದಿಲ್ಲ. ಚಿಟ್ಟೆಗೆ ಅದು ಧಾರಾಳವಾಯಿತು. ಆದರೆ ಆ ತುಂಡು ತುಂಡು ಹೊತ್ತಿನಲ್ಲಿ ಯಾವಾಗ ಎಲ್ಲಿ ಕೂರಬೇಕು ಅನ್ನುವುದು ಗೊತ್ತಿರಬೇಕು.

ಕೂರಬೇಕು ಎಂದೆ, ಗಮನಿಸಿ. ಹೊಸಬರು ಚಿಟ್ಟೆ ಕಂಡ ಕೂಡಲೇ ಮೊಬೈಲು ಮುಂದೆ ಚಾಚಿಕೊಂಡು ಅದರ ಹಿಂದೆ ಓಡುತ್ತಾರೆ. ಹತ್ತು ನಿಮಿಷದಲ್ಲಿ ಬೆವರು ಸುರಿಯುತ್ತದೆ, ಸಿಗುವುದು ಹಸಿರು ಹಿನ್ನೆಲೆಯಲ್ಲಿ ಒಂದು ಹಳದಿ ಮಸುಕು. ಎರಡು ಕಿಲೋಮೀಟರ್ ನಡೆಯುವವನಿಗಿಂತ ಸರಿಯಾದ ಒಂದು ಪೊದೆಯ ಪಕ್ಕ 20 ನಿಮಿಷ ಕೂತವನಿಗೆ ಹೆಚ್ಚು ಚಿಟ್ಟೆ ಸಿಗುತ್ತದೆ. ಇದು ತಾಳ್ಮೆಯ ಉಪದೇಶವಲ್ಲ, ಚಿಟ್ಟೆಯ ದಿನಚರಿಯ ಲೆಕ್ಕ. ಚಿಟ್ಟೆ ತನ್ನ ಮೈಬಿಸಿಯನ್ನು ಬಹುಪಾಲು ಬಿಸಿಲಿನಿಂದ ಪಡೆಯುತ್ತದೆ. ರೆಕ್ಕೆಯ ಸ್ನಾಯುಗಳು ಚುರುಕಾಗಲು ಮೈ ಸುಮಾರು 30 ಡಿಗ್ರಿಗೆ ಏರಬೇಕು. ಹಾಗಾಗಿ ಅದು ಎಲ್ಲಿರಬೇಕು, ಏನು ಮಾಡಬೇಕು ಎನ್ನುವುದನ್ನು ಸೂರ್ಯನೇ ಗಂಟೆ ಗಂಟೆಗೆ ಹೇಳುತ್ತಾನೆ. ಆ ವೇಳಾಪಟ್ಟಿಯನ್ನು ನೀವೂ ಓದಿಕೊಂಡರೆ ಅದು ಬರುವ ಜಾಗದಲ್ಲಿ ಮೊದಲೇ ಕೂತಿರಬಹುದು.

ಶುರು ಮಾಡುವ ಮೊದಲು ಹೆಸರಿನ ವಿಷಯ. ನಾನು ಹೆಸರುಗಳನ್ನು ಇಂಗ್ಲಿಷಿನಲ್ಲೇ ಹೇಳುತ್ತೇನೆ, ಬೇಸರಿಸಬೇಡಿ. ನಮ್ಮಲ್ಲಿ ಚಿಟ್ಟೆ ಇದೆ, ಉತ್ತರ ಕರ್ನಾಟಕದ ಪಾತರಗಿತ್ತಿ ಇದೆ. ಒಂದೊಂದು ಜಾತಿಗೂ ಕನ್ನಡ ಹೆಸರು ಕೊಡುವ ಕೆಲಸ ನಡೆದಿದ್ದರೂ ಬಳಕೆಯಲ್ಲಿ ಇನ್ನೂ ನಿಂತಿಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಚಿಟ್ಟೆ ಹಿಡಿಯುತ್ತಿದ್ದವರಲ್ಲಿ ಸೈನ್ಯದ ಅಧಿಕಾರಿಗಳು ಬಹಳ. ಸಾರ್ಜೆಂಟ್, ಕಮಾಂಡರ್, ಲಸ್ಕರ್, ಸೈಲರ್, ಬ್ಯಾರನ್, ನವಾಬ್, ರಾಜಾ ಎಂದು ಇಡೀ ದರ್ಬಾರನ್ನೇ ನಮ್ಮ ಕಾಫಿ ತೋಟಕ್ಕೆ ಇಳಿಸಿಬಿಟ್ಟಿದ್ದಾರೆ.

ಕಾಲದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಮಳೆ ಹಿಂದೆಗೆಯುವ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ವರೆಗೆ ಸುಗ್ಗಿ. ಮಾರ್ಚ್‌ನಿಂದ ಮೇ ವರೆಗೆ ಹೊಳೆದಂಡೆಗಳಲ್ಲಿ ಇನ್ನೊಂದು ಸುಗ್ಗಿ. ಜಡಿಮಳೆಯಲ್ಲಿ ಹೋದರೂ ನಿರಾಶರಾಗಬೇಕಿಲ್ಲ. ಅರ್ಧ ಗಂಟೆ ಹೊಳವಾಗಿ ಬಿಸಿಲು ಬಿದ್ದರೆ ಹಸಿದ ಚಿಟ್ಟೆಗಳೆಲ್ಲ ಒಟ್ಟಿಗೇ ಹೊರಗೆ ಬರುತ್ತವೆ.

ಈಗ ಬೆಳಗ್ಗೆ ಆರೂವರೆ. ಹೋಂಸ್ಟೇಯ ಅಂಗಳ ದಾಟಿದರೆ ಇಬ್ಬನಿ ಹಿಡಿದ ಹುಲ್ಲು. ಅಲ್ಲಿ ಬಗ್ಗಿ ನೋಡಿ. ಉಗುರಿನಷ್ಟೇ ದೊಡ್ಡದಾದ ಗ್ರಾಸ್ ಬ್ಲೂ ಚಿಟ್ಟೆಗಳು ಹುಲ್ಲುಕಡ್ಡಿಯ ತುದಿಯಲ್ಲಿ ತಲೆಕೆಳಗಾಗಿ ನಿದ್ದೆ ಮಾಡುತ್ತಿರುತ್ತವೆ. ಮೈ ತಣ್ಣಗಿರುವುದರಿಂದ ಹಾರಲಾರವು. ಬರೀ ಮೊಬೈಲು ಇರುವವರಿಗೆ ದಿನದ ಅತ್ಯುತ್ತಮ ಹೊತ್ತು ಇದೇ, ಹತ್ತು ಸೆಂಟಿಮೀಟರ್ ಹತ್ತಿರ ಹೋದರೂ ಅಲುಗುವುದಿಲ್ಲ. ಹಾಗಂತ ಕಡ್ಡಿ ಕಿತ್ತು ಬೆಳಕಿಗೆ ಹಿಡಿಯಬೇಡಿ, ಇಬ್ಬನಿ ಒರೆಸಲು ಹೋಗಬೇಡಿ. ರೆಕ್ಕೆಯ ಬಣ್ಣವೆಲ್ಲ ಪುಡಿಯಂಥ ಹುರುಪೆ, ಬೆರಳಿಗೆ ಅಂಟಿದ್ದು ಮತ್ತೆ ಬೆಳೆಯುವುದಿಲ್ಲ.

ಎಂಟರಿಂದ ಒಂಬತ್ತೂವರೆಯವರೆಗೆ ಬಿಸಿಲು ಕಾಯಿಸುವ ಹೊತ್ತು. ಪೂರ್ವಕ್ಕೆ ಮುಖ ಮಾಡಿದ ಬೇಲಿ, ತೋಟದ ಅಂಚು, ಕಾಫಿ ಒಣಗಿಸುವ ಕಣ, ಕಲ್ಲಿನ ಕಾಂಪೌಂಡು ನೋಡಿ. ನೆಲ ಬೇಗ ಬಿಸಿಯಾಗುವ ಜಾಗವೇ ಅವುಗಳ ಜಾಗ. ಪ್ಯಾನ್ಸಿ, ಸೈಲರ್ ಜಾತಿಗಳು ರೆಕ್ಕೆಯನ್ನು ಪೂರ್ತಿ ಬಿಚ್ಚಿ ಬೆನ್ನಿಗೆ ಬಿಸಿಲು ಕೊಡುತ್ತವೆ. ಗ್ರಾಸ್ ಯೆಲ್ಲೋ, ಎಮಿಗ್ರಂಟ್ ಥರದ ಹಳದಿ ಚಿಟ್ಟೆಗಳು ರೆಕ್ಕೆ ಮಡಚಿಕೊಂಡೇ ಪಕ್ಕಕ್ಕೆ ವಾಲಿ ಬಿಸಿಲು ಹಿಡಿಯುತ್ತವೆ. ಕೂತಾಗ ಅವು ರೆಕ್ಕೆ ಬಿಚ್ಚುವುದು ತೀರ ಅಪರೂಪ, ಅದಕ್ಕಾಗಿ ಕಾಯಬೇಡಿ. ಆದರೆ ನೀಲಿ ಚಿಟ್ಟೆಗಳ ಬಳಗ ಹಾಗಲ್ಲ. ಬೆಳಗಿನ ಈ ಒಂದೂವರೆ ಗಂಟೆ ಮಾತ್ರ ಮೇಲ್ಬದಿಯ ನೀಲಿ ತೋರಿಸಿ, ಬಿಸಿಲೇರಿದ ಮೇಲೆ ಮುಚ್ಚಿಕೊಂಡೇ ಕೂರುತ್ತವೆ. ಆ ನೀಲಿ ಬೇಕಿದ್ದರೆ ತಿಂಡಿ ಅರ್ಧ ಗಂಟೆ ತಡವಾಗಲಿ.

ತಿಂಡಿಯ ಆಮೇಲೆ ಹೂವಿನ ಹೊತ್ತು. ಇಲ್ಲಿ ಒಂದು ಅಡ್ಡ ಮಾತು. ಲಂಟಾನ ಹೊರಗಿನಿಂದ ಬಂದು ನಮ್ಮ ಕಾಡಿನ ಕೆಳಹಂತವನ್ನೆಲ್ಲ ನುಂಗಿದ ಕಳೆ. ಅದು ಹೋಗಬೇಕಾದದ್ದೇ. ಆದರೆ ಚಿಟ್ಟೆಗೆ ಈ ರಾಜಕೀಯ ಗೊತ್ತಿಲ್ಲ. ರಸ್ತೆ ಬದಿಯ ಒಂದು ಲಂಟಾನ ಪೊದೆಗೆ ಅರ್ಧ ಗಂಟೆಯಲ್ಲಿ ಹತ್ತಾರು ಜಾತಿ ಬಂದುಹೋಗಬಹುದು. ಮನೆಯಂಗಳದ ಕೇಪಳ, ಚೆಂಡುಹೂ, ತೇರಿನ ಹಾಗೆ ಅಂತಸ್ತು ಅಂತಸ್ತಾಗಿ ಏಳುವ ಕೆಂಪು ಪಗೋಡ ಹೂ ಇದ್ದರಂತೂ ಅಲ್ಲೇ ಕುರ್ಚಿ ಹಾಕಿ. ಬ್ಲೂ ಮಾರ್ಮನ್ ಬರುವುದು ಅಲ್ಲಿಗೆ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೆಳಗಿಳಿಯುವುದೂ ಅಂಥ ಹೂವಿಗೇ. ರೆಕ್ಕೆ ಹರಡಿದರೆ 14ರಿಂದ 19 ಸೆಂಟಿಮೀಟರ್ ಅಗಲ, ದೂರದಿಂದ ಸಣ್ಣ ಹಕ್ಕಿಯೇ. ನಡುಹಗಲಲ್ಲಿ ಮರದ ತಲೆಯ ಎತ್ತರದಲ್ಲಿ ತೇಲುತ್ತಿರುತ್ತದೆ. ಹೂವಿಗೆ ಇಳಿಯುವುದು ಹೆಚ್ಚಾಗಿ ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ.

ಈ ದೊಡ್ಡ ಚಿಟ್ಟೆಗಳ ಒಂದು ಅಭ್ಯಾಸ ತಿಳಿದಿರಲಿ. ಅವು ಹೂವಿನ ಮೇಲೆ ಭಾರ ಬಿಟ್ಟು ಕೂರುವುದಿಲ್ಲ, ಮಧು ಹೀರುವಾಗಲೂ ಮುಂದಿನ ರೆಕ್ಕೆ ಬಡಿಯುತ್ತಲೇ ಇರುತ್ತವೆ. ಕ್ಯಾಮೆರಾ ಇದ್ದವರು ಶಟರ್ ವೇಗವನ್ನು 1/1000 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ, 1/1600 ಇನ್ನೂ ಒಳ್ಳೆಯದು. ಸುಮ್ಮನೆ ಕೂತ ಪ್ಯಾನ್ಸಿಗೆ 1/250 ಸಾಕು. ಹಾರುವುದನ್ನೇ ಹಿಡಿಯಬೇಕೆಂದರೆ 1/2000ದಿಂದ ಮೇಲೆ. ಮೊಬೈಲಿನಲ್ಲಾದರೆ ಬಿಸಿಲು ನೇರವಾಗಿ ಬಿದ್ದ ಹೂವನ್ನೇ ಆರಿಸಿ ಬರ್ಸ್ಟ್ (ಒಂದರ ಹಿಂದೊಂದು ಸಾಲು ಚಿತ್ರ) ಒತ್ತಿ. ಇಲ್ಲವೇ 4ಕೆ ವಿಡಿಯೊ ತೆಗೆದು ಆಮೇಲೆ ಒಂದು ಚೌಕಟ್ಟನ್ನು ಹೆಕ್ಕಿಕೊಳ್ಳಿ. ಅದರಲ್ಲೂ ಎಂಟು ಮೆಗಾಪಿಕ್ಸೆಲ್ ಸಿಗುತ್ತದೆ, ಗುರುತು ಹಚ್ಚಲು ಬೇಕಾದಷ್ಟಾಯಿತು.

ಹತ್ತು ಗಂಟೆಯಿಂದ ಒಂದರವರೆಗೆ ಹೊಳೆ. ನಿಮ್ಮ ಮನೆಯವರು ಜಲಪಾತಕ್ಕೆ ಹೊರಡುವುದೂ ಅದೇ ಹೊತ್ತಿಗೆ, ಅನುಕೂಲವೇ ಆಯಿತು. ನೀರಿನ ಕಡೆ ಬೆನ್ನು ಮಾಡಿ ದಂಡೆಯ ಒದ್ದೆ ಮರಳು ನೋಡಿ. ಬ್ಲೂಬಾಟಲ್, ಕಾಮನ್ ಜೇ, ಫೈವ್‌ಬಾರ್ ಸ್ವೋರ್ಡ್‌ಟೇಲ್, ಎಮಿಗ್ರಂಟ್‌ಗಳು ಗುಂಪುಗುಂಪಾಗಿ ಕೂತಿರುತ್ತವೆ. ನೀರಡಿಕೆಯಲ್ಲ ಅದು, ಉಪ್ಪಿನಾಸೆ. ಎಲೆ ಮತ್ತು ಮಧುವಿನಲ್ಲಿ ಸೋಡಿಯಂ ಕಡಿಮೆ. ಹಾಗಾಗಿ ಒದ್ದೆ ಮಣ್ಣಿನಿಂದ ಹೀರಿಕೊಳ್ಳುತ್ತವೆ. ಕೂಡಿರುವವು ಬಹುಪಾಲು ಗಂಡುಗಳು, ಗಳಿಸಿದ ಉಪ್ಪಿನ ಒಂದು ಪಾಲು ಕೂಡುವಾಗ ಹೆಣ್ಣಿಗೆ ಹೋಗುತ್ತದೆ. ಸ್ವಾಲೋಟೇಲ್ ಬಳಗದವು ಒಂದು ಕಡೆಯಿಂದ ಹೀರುತ್ತಾ ಹೊಟ್ಟೆಯ ತುದಿಯಿಂದ ಹನಿಹನಿಯಾಗಿ ನೀರು ಚಿಮ್ಮಿಸುತ್ತವೆ. ಉಪ್ಪು ಇಟ್ಟುಕೊಂಡು ನೀರನ್ನು ಹೊರಹಾಕುವ ಕೆಲಸ. ಪಕ್ಕದಿಂದ, ಸೂರ್ಯನಿಗೆ ಎದುರಾಗಿ ತೆಗೆದರೆ ಆ ಹನಿಯೂ ಚಿತ್ರದಲ್ಲಿ ಹೊಳೆಯುತ್ತದೆ.

ಜಲಪಾತಕ್ಕೇ ಹೋಗಬೇಕೆಂದಿಲ್ಲ. ಉಪ್ಪು ಎಲ್ಲಿದೆಯೋ ಅಲ್ಲಿ ಚಿಟ್ಟೆ. ಹೋಂಸ್ಟೇಯ ಬಚ್ಚಲ ನೀರು ಹರಿಯುವ ಜಾಗ, ದನ ಉಚ್ಚೆ ಹೊಯ್ದ ಮಣ್ಣು, ಜೀಪು ತೊಳೆದು ಒದ್ದೆಯಾದ ಅಂಗಳ. ಘಾಟಿಯ ಮೋರಿಗಳ ಬಳಿಯೂ ಕೂರುತ್ತವೆ, ಆದರೆ ಚಾರ್ಮಾಡಿ, ಆಗುಂಬೆಯಂಥ ಕಡೆ ತಿರುವಿನಲ್ಲಿ ಗಾಡಿ ನಿಲ್ಲಿಸಿ ರಸ್ತೆಯ ಮೇಲೆ ಮಂಡಿಯೂರುವ ಕೆಲಸ ಬೇಡ. ಬೆವರು ಹಿಡಿದ ನಿಮ್ಮ ಟೋಪಿಯನ್ನು ಪಕ್ಕದ ಕಲ್ಲಿನ ಮೇಲೆ ಬಿಟ್ಟು ನೋಡಿ, ಕೆಲವೊಮ್ಮೆ ಅದಕ್ಕೇ ಬಂದು ಕೂರುತ್ತವೆ.

ಹತ್ತಿರ ಹೋಗುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲರೂ ಸೋಲುವುದು ಇಲ್ಲೇ. ಚಿಟ್ಟೆಗೆ ನಿಮ್ಮ ಮುಖ ಕಾಣುವುದು ಮುಖ್ಯವಲ್ಲ, ಕಾಣುವುದು ಚಲನೆ ಮತ್ತು ಆಕಾಶ ಮರೆಯಾಗುವುದು. ನಿಂತ ಮನುಷ್ಯ ಆಕಾಶದ ದೊಡ್ಡ ಭಾಗವನ್ನು ಮುಚ್ಚುತ್ತಾನೆ, ಕೂತವನು ಮುಚ್ಚುವುದಿಲ್ಲ. ಆದ್ದರಿಂದ ನಾಲ್ಕು ಮೀಟರ್ ದೂರದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡಿ. ನಿಮ್ಮ ನೆರಳು ಯಾವ ಕಡೆ ಬೀಳುತ್ತಿದೆ ನೋಡಿಕೊಳ್ಳಿ. ನೆರಳು ಚಿಟ್ಟೆಯ ಮೇಲೆ ಹಾಯಿತೋ, ಅದು ಹೋಯಿತು. ಕ್ಯಾಮೆರಾ ಅಥವಾ ಮೊಬೈಲನ್ನು ಮೊದಲೇ ಕಣ್ಣಿನ ಮುಂದೆ ಹಿಡಿದಿರಿ. ಹತ್ತಿರ ಹೋದ ಮೇಲೆ ಕೈ ಎತ್ತಿದರೆ ಆ ಒಂದು ಎತ್ತುವಿಕೆಗೇ ಹಾರುತ್ತದೆ. ಎರಡು ಮೀಟರಿಗೆ ಬಂದಾಗ ಒಂದು ಚಿತ್ರ ತೆಗೆಯಿರಿ, ಚೆನ್ನಾಗಿಲ್ಲದಿದ್ದರೂ ಸರಿ, ದಾಖಲೆಗೆ ಒಂದು ಇರಲಿ. ಒಂದೂವರೆಗೆ ಬಂದಾಗ ಇನ್ನೊಂದು. ಅದು ರೆಕ್ಕೆ ಅದುರಿಸಿದರೆ ಅಥವಾ ಹೀರುವುದನ್ನು ನಿಲ್ಲಿಸಿದರೆ ನೀವೂ ಕಲ್ಲಾಗಿ, ಅರ್ಧ ನಿಮಿಷ ಬಿಟ್ಟು ಮುಂದುವರಿಯಿರಿ. ಗುಂಪಿನಲ್ಲಿ ಅಂಚಿನ ಒಂದು ಚಿಟ್ಟೆ ಗಾಬರಿಯಾದರೆ ಎಲ್ಲವೂ ಏಳುತ್ತವೆ. ಎದ್ದರೆ ಹಿಂದೆ ಸರಿಯಬೇಡಿ, ಅಲ್ಲೇ ಕೂತಿರಿ. ಐದು ಹತ್ತು ನಿಮಿಷದಲ್ಲಿ ಅದೇ ಒದ್ದೆ ಮರಳಿಗೆ ಮರಳಿ ಇಳಿಯುತ್ತವೆ. ಈ ಸಲ ನೀವು ಆಗಲೇ ಒಂದು ಮೀಟರ್ ದೂರದಲ್ಲಿದ್ದೀರಿ, ಅವುಗಳ ಪಾಲಿಗೆ ಒಂದು ಬಂಡೆ.

ಮಳೆಗಾಲದ ಆಸುಪಾಸಿನಲ್ಲಿ ಹೀಗೆ ಬಂಡೆಯಾಗಿ ಕೂತರೆ ಉಂಬಳಗಳು ಸಂತೋಷಪಡುತ್ತವೆ. ಉದ್ದ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಳ್ಳಿ, ಕಾಲುಚೀಲಕ್ಕೆ ಉಪ್ಪೋ ಹೊಗೆಸೊಪ್ಪಿನ ಪುಡಿಯೋ ಸವರಿ. ಮಂಡಿಗೆ ಒಂದು ಪ್ಲಾಸ್ಟಿಕ್ ಚೀಲ ಹಾಸಿಕೊಂಡರೆ ಬಟ್ಟೆಯೂ ಉಳಿಯುತ್ತದೆ, ಅದರ ಮೇಲೆ ಹತ್ತುವ ಉಂಬಳ ಕಣ್ಣಿಗೂ ಬೀಳುತ್ತದೆ.

ಸಲಕರಣೆ. ಯಾವುದು ಒಳ್ಳೆಯದು ಎಂದು ಎಲ್ಲ ಕಡೆ ಕೇಳುತ್ತಾರೆ. ಪ್ರವಾಸಕ್ಕೆ ನನ್ನ ಆಯ್ಕೆ 70-300 ಎಂಎಂ ಜೂಮ್ ಲೆನ್ಸ್, ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಅಲ್ಲ. ಮ್ಯಾಕ್ರೊ ಲೆನ್ಸಿನ ಚಿತ್ರ ಚೆಂದ, ಆದರೆ ಅದರ ಪೂರ್ತಿ ಲಾಭ ಬೇಕಾದರೆ ಚಿಟ್ಟೆಯ ಮೂಗಿಗೆ ಮೂಗು ತಾಗಿಸಬೇಕು. 100 ಎಂಎಂ ಮ್ಯಾಕ್ರೊದಲ್ಲಿ ನಿಜಗಾತ್ರಕ್ಕೆ ಹೋದರೆ ಲೆನ್ಸಿನ ತುದಿಗೂ ಚಿಟ್ಟೆಗೂ ನಡುವೆ ಒಂದು ಗೇಣೂ ಉಳಿಯುವುದಿಲ್ಲ. ಅರ್ಧ ಗಂಟೆಯ ಬಿಡುವಿನಲ್ಲಿ ಅಷ್ಟು ಹತ್ತಿರ ಬಿಟ್ಟುಕೊಳ್ಳುವ ಚಿಟ್ಟೆಗಳು ಕಡಿಮೆ. ಜೂಮಿನಲ್ಲಾದರೆ ದೊಡ್ಡ ಚಿಟ್ಟೆ ಒಂದೂವರೆ ಮೀಟರ್ ಆಚೆಯಿಂದಲೇ ಚೌಕಟ್ಟು ತುಂಬುತ್ತದೆ.

ಲೆನ್ಸಿನ ಬೆಳಕಿನ ಕಿಂಡಿ (ಅಪರ್ಚರ್) ಎಫ್/8 ಇಟ್ಟುಕೊಳ್ಳಿ. ಐದು ಸೆಂಟಿಮೀಟರ್ ಅಗಲದ ಚಿಟ್ಟೆ ಚೌಕಟ್ಟು ತುಂಬುವಷ್ಟು ಹತ್ತಿರದಲ್ಲಿ, ಸಾಮಾನ್ಯ ಕ್ಯಾಮೆರಾಗಳ ಎಪಿಎಸ್-ಸಿ ಅಳತೆಯ ಸೆನ್ಸರಿನಲ್ಲಿ ಎಫ್/8ಕ್ಕೆ ಸ್ಪಷ್ಟವಾಗಿ ಬರುವ ದಪ್ಪ ಸುಮಾರು ಎರಡು ಮಿಲಿಮೀಟರ್ ಮಾತ್ರ. ಅಂದರೆ ರೆಕ್ಕೆ ಸ್ವಲ್ಪ ಓರೆಯಾದರೂ ಒಂದು ತುದಿ ಮಸುಕಾಗುತ್ತದೆ. ಉಪಾಯ ದುಬಾರಿ ಲೆನ್ಸಲ್ಲ, ಕೋನ. ಮಡಚಿದ ರೆಕ್ಕೆ ಒಂದು ಹಾಳೆ ಅಂದುಕೊಳ್ಳಿ, ಆ ಹಾಳೆಗೆ ಕ್ಯಾಮೆರಾದ ಬೆನ್ನು ಸಮಾನಾಂತರವಾಗುವವರೆಗೆ ನೀವು ಸರಿಯಿರಿ. ಫೋಕಸ್ ಕಣ್ಣಿನ ಮೇಲೆ. ಬಾಲವಿರುವ ಸಣ್ಣ ನೀಲಿ ಚಿಟ್ಟೆಗಳಲ್ಲಿ ಇದು ಮೋಸ ಮಾಡುತ್ತದೆ. ಹಿಂದಿನ ರೆಕ್ಕೆಯ ತುದಿಯಲ್ಲಿ ಕಣ್ಣಿನಂಥ ಚುಕ್ಕೆ, ಮೀಸೆಯಂಥ ಬಾಲ, ಕೂತೊಡನೆ ಅದನ್ನೇ ಮೇಲೆ ಕೆಳಗೆ ಉಜ್ಜುತ್ತಾ ಸುಳ್ಳು ತಲೆ ತೋರಿಸುತ್ತವೆ. ಹಕ್ಕಿ, ಓತಿಕ್ಯಾತ ಅಲ್ಲಿಗೇ ಕಚ್ಚಲಿ ಎಂದು. ಆಟೋಫೋಕಸ್ ಕೂಡ ಅಲ್ಲಿಗೇ ಕಚ್ಚುತ್ತದೆ.

ಬೆಳಕು ಅಳೆಯುವುದರಲ್ಲೂ ಒಂದು ಎಡವಟ್ಟಿದೆ. ಕಡುಹಸಿರು ಪೊದೆಯಲ್ಲಿ ಒಂದು ಸಣ್ಣ ಬಿಳಿ ಚಿಟ್ಟೆ ಕೂತರೆ ಕ್ಯಾಮೆರಾ ಪೊದೆಯನ್ನು ಅಳೆಯುತ್ತದೆ. ಬಿಳಿ ಸುಟ್ಟುಹೋಗಿ ರೆಕ್ಕೆಯ ಗೆರೆಗಳೇ ಮಾಯ. ಕಪ್ಪು ಮಾರ್ಮನ್ ಚೌಕಟ್ಟು ತುಂಬಿದರೆ ಕ್ಯಾಮೆರಾ ಆ ಕಪ್ಪನ್ನು ಬೂದು ಬಣ್ಣವಾಗಿಸಲು ನೋಡುತ್ತದೆ. ಎರಡಕ್ಕೂ ಮದ್ದು ಒಂದೇ, ಎಕ್ಸ್‌ಪೋಶರನ್ನು 0.3ರಿಂದ 0.7 ಇಳಿಸಿ. ಮೊಬೈಲಿನಲ್ಲಿ ಚಿಟ್ಟೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಬೀಗ ಬೀಳುತ್ತದೆ, ಆಮೇಲೆ ಬೆರಳು ಕೆಳಗೆ ಎಳೆದರೆ ಬೆಳಕು ಇಳಿಯುತ್ತದೆ.

ಮೊಬೈಲಿನವರಿಗೆ ಇನ್ನೆರಡು ಎಚ್ಚರಿಕೆ. ಪೋರ್ಟ್ರೇಟ್ ಮೋಡ್ ಬೇಡ. ಅದು ಹಿನ್ನೆಲೆ ಮಸುಕು ಮಾಡುವ ಭರದಲ್ಲಿ ಮೀಸೆಯನ್ನೇ ಅಳಿಸಿಬಿಡುತ್ತದೆ, ಮೀಸೆಯ ತುದಿಯ ಗುಂಡು ಇಲ್ಲದಿದ್ದರೆ ಚಿಟ್ಟೆಯೋ ಪತಂಗವೋ ಎಂಬ ವಾದ ಶುರುವಾಗುತ್ತದೆ. ಎರಡನೆಯದು, ತೀರ ಹತ್ತಿರ ಹೋದಾಗ ಹಲವು ಮೊಬೈಲುಗಳು ಹೇಳದೆ ಕೇಳದೆ ಅಗಲ ಲೆನ್ಸಿಗೆ ಬದಲಾಗುತ್ತವೆ. ಚಿತ್ರ ಸೊಟ್ಟಗಾಗುತ್ತದೆ, ಮೊಬೈಲಿನ ನೆರಳೇ ಚಿಟ್ಟೆಯ ಮೇಲೆ ಬೀಳುತ್ತದೆ. 2ಎಕ್ಸ್ ಇಟ್ಟು ಒಂದು ಮೊಳ ದೂರದಿಂದ ತೆಗೆದರೆ ಎರಡೂ ತೊಂದರೆ ತಪ್ಪುತ್ತವೆ. ಕ್ಯಾಮೆರಾದವರು ಎಸಿ ಕಾರಿನಿಂದ ಇಳಿದು ನೇರ ಹೊಳೆಗೆ ಹೋಗಬೇಡಿ. ತಣ್ಣನೆಯ ಗಾಜಿಗೆ ಮಲೆನಾಡಿನ ತೇವ ಹಿಡಿದು ಮಂಜಾಗುತ್ತದೆ. ಕಾಲು ಗಂಟೆ ಮೊದಲೇ ಎಸಿ ಆರಿಸಿ ಕಿಟಕಿ ಇಳಿಸಿ.

ಮಧ್ಯಾಹ್ನ ಎರಡು ಗಂಟೆಗೆ ಚಿಟ್ಟೆಗಳೂ ನೆರಳಿಗೆ ಸರಿಯುತ್ತವೆ. ಆಗ ಹಿತ್ತಿಲ ಹಲಸಿನ ಬುಡಕ್ಕೆ ಹೋಗಿ. ನವಾಬ್, ಬ್ಯಾರನ್, ಮುಚ್ಚಿದರೆ ಒಣಗಿದೆಲೆಯೇ ಆಗಿಬಿಡುವ ಬ್ಲೂ ಓಕ್‌ಲೀಫ್, ಇವಕ್ಕೆ ಹೂವು ಅಷ್ಟಾಗಿ ಬೇಡ. ಕೊಳೆತ ಹಲಸು, ಮರದ ಗಾಯದಿಂದ ಒಸರುವ ಹುಳಿ ರಸ, ಸಗಣಿ, ಸತ್ತ ಏಡಿ. ಹುಳಿತ ಹಣ್ಣಿನ ಮೇಲೆ ಕೂತ ಚಿಟ್ಟೆ ಅಮಲೇರಿದಂತೆ ಮೈಮರೆಯುತ್ತದೆ, ಬೇಕಾದಷ್ಟು ಹತ್ತಿರ ಹೋಗಬಹುದು. ಹಣ್ಣಿಲ್ಲದ ಕಾಲದಲ್ಲಿ ಕಳಿತ ಬಾಳೆಹಣ್ಣು, ಚೂರು ಬೆಲ್ಲ ಕಿವುಚಿ ಹೋಂಸ್ಟೇಯ ಹಿತ್ತಿಲ ಕಲ್ಲಿನ ಮೇಲಿಡಿ, ಮನೆಯವರನ್ನು ಕೇಳಿ. ಅಭಯಾರಣ್ಯದ ಒಳಗೆ ಮಾತ್ರ ಇದು ಸಲ್ಲದು, ಅಲ್ಲಿ ಹಣ್ಣಿಗೆ ಮೊದಲು ಬರುವುದು ಚಿಟ್ಟೆಯಲ್ಲ, ಕೋತಿ. ಸಫಾರಿ ಜೀಪಿನಿಂದ ಇಳಿಯುವುದೂ ಇಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣಕ್ಕೆ ಇಲಾಖೆಯ ಅನುಮತಿ ಮೊದಲೇ ಬೇಕು.

ಸೆಣಬಿನ ಜಾತಿಯ ಗಿಲಕಿ ಗಿಡ ನೋಡಿದ್ದೀರಲ್ಲ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಜಿಗಿಜಿ ಅನ್ನುವುದು. ಒಣಗಿ ನಿಂತ ಆ ಗಿಡಕ್ಕೆ ಬ್ಲೂ ಟೈಗರ್, ಕಾಮನ್ ಕ್ರೋ ಗಂಡುಗಳು ಮುತ್ತಿಕೊಳ್ಳುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆಗೆ ಬೇಕಾದ ಆಲ್ಕಲಾಯ್ಡ್ ಎಂಬ ರಾಸಾಯನಿಕ ಅದರಲ್ಲಿದೆ. ಇದೇ ಚಿಟ್ಟೆಗಳು ಮುಂಗಾರು ಹತ್ತಿರವಾದಂತೆ ಘಟ್ಟದಿಂದ ಪೂರ್ವದ ಬಯಲಿಗೆ ಹೋಗಿ, ಅಕ್ಟೋಬರ್-ನವೆಂಬರಿನಲ್ಲಿ ಹಿಂದಿರುಗುತ್ತವೆ. ಮೇ ಕೊನೆಯಲ್ಲಿ ಪ್ರವಾಸದ ದಾರಿಯಲ್ಲಿ ಒಂದೇ ದಿಕ್ಕಿಗೆ ಸಾಲುಗಟ್ಟಿ ಹೋಗುವ ಚಿಟ್ಟೆಗಳು ಕಂಡರೆ ಚಿತ್ರಕ್ಕಿಂತ ದಿಕ್ಕು, ಸಮಯ, ಸ್ಥಳ ಬರೆದಿಟ್ಟುಕೊಳ್ಳುವುದು ಬೆಲೆಯುಳ್ಳದ್ದು.

ಸಂಜೆ ಐದೂವರೆಯ ಮೇಲೆ ಜಗಲಿಯಿಂದ ಏಳಬೇಕಾಗಿಲ್ಲ. ಹಗಲೆಲ್ಲ ತರಗೆಲೆಯಲ್ಲಿ ಅಡಗಿದ್ದ ಈವ್ನಿಂಗ್ ಬ್ರೌನ್ ಮಬ್ಬುಗತ್ತಲಲ್ಲಿ ಎದ್ದು ದೀಪದ ಹತ್ತಿರಕ್ಕೂ ಬರುತ್ತದೆ. ಮಳೆಗಾಲದ್ದಕ್ಕೆ ರೆಕ್ಕೆಯ ಕೆಳಬದಿಯಲ್ಲಿ ಕಣ್ಚುಕ್ಕೆಗಳು ಎದ್ದು ಕಾಣುತ್ತವೆ, ಬೇಸಗೆಯದ್ದಕ್ಕೆ ಬಹುತೇಕ ಇಲ್ಲ. ಎರಡು ಜಾತಿ ಎಂದು ಮೋಸಹೋಗಬೇಡಿ.

ರಾತ್ರಿ ಊಟದ ಮೇಲೆ ಚಿತ್ರ ಆರಿಸುವಾಗ ಚೆಂದ ನೋಡಿ ಅಳಿಸಬೇಡಿ. ಮಸುಕಾದರೂ ಕೆಳಬದಿ ತೋರಿಸುವ ಚಿತ್ರವೇ ಬೇಕಾಗಿರುತ್ತದೆ. ನೀಲಿಗಳು ಮತ್ತು ಸ್ಕಿಪ್ಪರ್‌ಗಳ ಗುರುತೆಲ್ಲ ಬಹುಪಾಲು ಅಲ್ಲೇ. ಗ್ರಾಸ್ ಯೆಲ್ಲೋಗಳಲ್ಲಿ ಮುಂದಿನ ರೆಕ್ಕೆಯ ಕೆಳಬದಿಯ ಕೋಶದೊಳಗಿನ, ಅಂದರೆ ರೆಕ್ಕೆಯ ಬುಡದ ಕಡೆ ನರಗಳು ಸುತ್ತುವರಿದ ಜಾಗದ, ಚುಕ್ಕೆ ಎಣಿಸಬೇಕು. ಕಾಮನ್ನಿಗೆ ಎರಡು, ತ್ರೀ-ಸ್ಪಾಟಿಗೆ ಮೂರು. ಕಾಮನ್ ಮಾರ್ಮನ್ನಿನ ಹೆಣ್ಣು ವಿಷಕಾರಿ ಕ್ರಿಮ್ಸನ್ ರೋಸಿನ ವೇಷ ಹಾಕುತ್ತದೆ. ರೆಕ್ಕೆ ನೋಡಿದರೆ ತಿಳಿಯದು, ಮೈ ನೋಡಿ. ರೋಸಿನ ಮೈ ಕೆಂಪು, ಮಾರ್ಮನ್ನಿನದು ಕಪ್ಪು. ಪ್ಲೇನ್ ಟೈಗರಿನ ವೇಷ ಹಾಕುವ ಡನಾಯ್ಡ್ ಎಗ್‌ಫ್ಲೈ ಹೆಣ್ಣಿಗೆ ಹಿಂದಿನ ರೆಕ್ಕೆಯಲ್ಲಿ ಒಂದೇ ಕಪ್ಪು ಚುಕ್ಕೆ, ಟೈಗರಿಗೆ ಹಲವು. ಚಿತ್ರಗಳನ್ನು ಐನ್ಯಾಚುರಲಿಸ್ಟ್‌ಗೆ ಅಥವಾ ಬಟರ್‌ಫ್ಲೈಸ್ ಆಫ್ ಇಂಡಿಯಾ ತಾಣಕ್ಕೆ ಏರಿಸಿದರೆ ಬಲ್ಲವರು ಗುರುತು ಹಚ್ಚುತ್ತಾರೆ. ಆದರೆ ಹೊರಡುವ ಮೊದಲೇ ಮೊಬೈಲಿನ ಲೊಕೇಶನ್ ಚಾಲೂ ಮಾಡಿ, ಕ್ಯಾಮೆರಾದ ತಾರೀಖು ಸರಿಪಡಿಸಿ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರದಲ್ಲಿ ಸ್ಥಳದ ವಿವರ ಅಳಿಸಿಹೋಗುತ್ತದೆ, ಚಿತ್ರದ ಸ್ಪಷ್ಟತೆಯೂ ಕುಗ್ಗುತ್ತದೆ. ಡಾಕ್ಯುಮೆಂಟಾಗಿ ಕಳಿಸಿ. ಜಾತಿ ಖಚಿತವಿಲ್ಲದಿದ್ದರೆ ಬರೀ ಗ್ರಾಸ್ ಯೆಲ್ಲೋ ಎಂದು ಬರೆದರೂ ತಪ್ಪಲ್ಲ, ಊಹೆಯ ಹೆಸರು ಬರೆದರೆ ಮುಂದಿನವರು ಅದನ್ನು ತಿದ್ದುತ್ತಾ ಕೂರಬೇಕು.

ಒಮ್ಮೆ ಒಂದು ಸಭೆಯಲ್ಲಿ ಒಬ್ಬರು ಕೇಳಿದರು, ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಚಿಟ್ಟೆಯನ್ನು ಮಕ್ಕಳಿಗೆ ತೋರಿಸಲು ಮನೆಗೆ ತರಬಹುದೇ ಎಂದು. ಬೇಡ. ಕೆಲವು ಜಾತಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ, ರೆಕ್ಕೆ ಹರಿದ ಚಿಟ್ಟೆ ಯಾವುದೆಂದು ಅಲ್ಲೇ ಹೇಳುವುದು ಕಷ್ಟ. ಅಂಗೈಯ ಮೇಲಲ್ಲ, ಒಂದು ಎಲೆಯ ಮೇಲೆ ಬಿಡಿಸಿಟ್ಟು ಮೇಲ್ಬದಿ ಒಂದು, ಕೆಳಬದಿ ಒಂದು ಚಿತ್ರ ತೆಗೆಯಿರಿ. ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ ಇಡಿ. ಆಮೇಲೆ ರಸ್ತೆಯಂಚಿಗೆ ಸರಿಸಿ ಹೊರಡಿ, ಇರುವೆಗಳು ಆಗಲೇ ದಾರಿಯಲ್ಲಿರುತ್ತವೆ.